ಹಿತ್ತಲ ಬಾಗಿಲ ಚಿಲಕ

ಬ್ಯಾಡಗಿಯಲ್ಲಿ ಹೇಳದೆ ಕೇಳದೆ ನಮ್ಮ ಮನೆಯೊಳಗೆ ನುಗ್ಗುತ್ತಿದ್ದುದು ಎರಡೇ: ಸುಗ್ಗಿಯ ಕಾಲದ ಮೆಣಸಿನಕಾಯಿ ಘಾಟು ಮತ್ತು ಪಕ್ಕದ ಮನೆಯಾಕೆ. ಘಾಟಿಗಾದರೂ ಕಿಟಕಿ ಹಾಕಿಕೊಳ್ಳಬಹುದಿತ್ತು. ಆಕೆ ಹಿತ್ತಲ ಬಾಗಿಲು ದೂಡಿಕೊಂಡು ಬಂದು, ಒಲೆಯ ಮೇಲಿನ ಮುಚ್ಚಳ ತೆಗೆದು, ಸಾರಿನ ರುಚಿ ನೋಡಿ, ‘ಉಪ್ಪು ಕಡಿಮಿ ಆಗೇತ್ರಿ ಅಕ್ಕಾರ’ ಎಂದ ಮೇಲೆಯೇ ಬಂದದ್ದು ನನಗೆ ಗೊತ್ತಾಗುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಗಂಡನಿಗೆ ನಗು. ‘ಅಡಗಿ ಪರೀಕ್ಷಾ ಮಾಡಾಕ ಸಾಹೇಬ್ರು ಬಂದಾರ, ಚಾಪಿ ಹಾಸ’ ಎನ್ನುತ್ತಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ಸಾವಿನ ಮನೆಗೆ ಯಾರೂ ಕೇಳಿಕೊಂಡು ಬರುವುದಿಲ್ಲ. ಹೋಗುವಾಗ ‘ಬರ್ತೀನಿ’ ಎನ್ನುವುದೂ ಇಲ್ಲ, ಸುಮ್ಮನೆ ಎದ್ದು ಹೋಗುತ್ತಾರೆ. ಬಂದವರಿಗೆಲ್ಲ ಹೇಗಾಯಿತೆಂದು ಮೊದಲಿನಿಂದ ಹೇಳಬೇಕು. ಒಬ್ಬರಂತೂ ನನ್ನ ಗಂಡನ ಕುರ್ಚಿಯಲ್ಲೇ ಕುಳಿತು, ನಾನು ಇನ್ನು ಮುಂದೆ ಹೇಗಿರಬೇಕೆಂದು ತೀರ್ಮಾನಿಸಿದರು. ಪಕ್ಕದಾಕೆ ಏನನ್ನೂ ಕೇಳಲಿಲ್ಲ. ನಮ್ಮ ಒಲೆ ಹತ್ತದ ಆ ದಿನಗಳಲ್ಲಿ ಹಿತ್ತಲಿಂದ ಬಂದು, ರೊಟ್ಟಿ ಪಲ್ಯ ಇಟ್ಟು, ನಾನು ತಿನ್ನುವವರೆಗೆ ಎದುರಿಗೇ ಕೂತಿರುತ್ತಿದ್ದಳು.

ದಿನಕರ್ಮ ಮುಗಿದ ಮೇಲೆ, ರಾಣೆಬೆನ್ನೂರಿನ ನನ್ನ ತಮ್ಮ ಹಿತ್ತಲ ಬಾಗಿಲಿಗೆ ಹೊಸ ಚಿಲಕ, ಮುಂಬಾಗಿಲಿಗೆ ಬೆಲ್ ಹಾಕಿಸಿದ. ‘ಒಬ್ಬಾಕಿನ ಇರ್ತಿ ಅಕ್ಕಾ, ಯಾರ್ಯಾರೋ ನುಗ್ಗಬಾರದು’ ಎಂದ. ಕಾಳಜಿಯಿಂದಲೇ ಹೇಳಿದ್ದ. ನಾನೂ ಒಪ್ಪಿ ಒಳಗಿನಿಂದ ಚಿಲಕ ಹಾಕಿಕೊಂಡೆ.

ಮರುದಿನ ಮಧ್ಯಾಹ್ನ ಬೆಲ್ ಆಯಿತು. ತೆರೆದರೆ ಪಕ್ಕದಾಕೆ. ಹಿತ್ತಲ ಬಾಗಿಲು ದೂಡಿ ನೋಡಿ ಸುತ್ತು ಹಾಕಿ ಬಂದಿರಬೇಕು. ಕೈಯಲ್ಲಿ ಮುಚ್ಚಿದ ತಾಟು. ತಲೆಯ ಮೇಲೆ ಸೆರಗು ಹೊದ್ದು, ಬೀಗರ ಮನೆಗೆ ಬಂದವಳ ಹಾಗೆ ಹೊಸ್ತಿಲಾಚೆಯೇ ನಿಂತಿದ್ದಳು.

‘ಒಳಗ ಬರಲೇನ್ರಿ?’ ಎಂದಳು.

ಅಷ್ಟು ಜನರೆದುರು ಕಲ್ಲಿನಂತೆ ಕೂತಿದ್ದ ನನಗೆ ಆಗ ದುಃಖ ಉಮ್ಮಳಿಸಿ ಬಂತು. ಈ ಮನೆಯಲ್ಲಿ ಇನ್ನು ನಾನೊಬ್ಬಳೇ ಎಂದು ಎಲ್ಲರೂ ಹೇಳಿದ್ದರು. ಅದು ನನಗೆ ನಾಟಿದ್ದು ಆಕೆ ಹಾಗೆ ಅಪ್ಪಣೆ ಕೇಳಿದಾಗ.

‘ಹಿತ್ತಲಾಗಿಂದ ಬಾರವಾ’ ಎಂದು ಆಕೆಯ ಮುಖದ ಮೇಲೆಯೇ ಬಾಗಿಲು ಹಾಕಿ, ಒಳಗೆ ಓಡಿ ಚಿಲಕ ತೆಗೆದೆ.

ಬಂದವಳು ಸೀದಾ ಒಲೆಯ ಹತ್ತಿರ ಹೋಗಿ ಮುಚ್ಚಳ ತೆಗೆದಳು. ಪಾತ್ರೆ ಖಾಲಿ ಇತ್ತು. ನನ್ನತ್ತ ತಿರುಗಲಿಲ್ಲ.

‘ನಾಳಿಂದ ಒಲಿ ಹಚ್ರಿ ಅಕ್ಕಾರ’ ಎಂದಳು. ‘ಇಲ್ಲಂದ್ರ ನಾ ಯಾವ ಸಾರಿಗೆ ಉಪ್ಪು ಕಡಿಮಿ ಅನ್ಲಿ?’