ಸಿನಿಮಾ ಚೆನ್ನಾಗಿಲ್ಲವೆಂದು ನನಗೆ ಹೇಳಿದವರಿಗೆ

ಇಂದು ನರಗುಂದದ ಚಹಾದಂಗಡಿಯಲ್ಲಿ ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟ ಮಿತ್ರರಿಗೆ ವಂದನೆಗಳು. ನಿಮ್ಮ ಅನುಕಂಪವನ್ನು ಮಾತ್ರ ಒಪ್ಪಲಾರೆ. ಮಕ್ಕಳೊಡನೆ ನೋಡಿಬಂದ ಕಾರ್ಟೂನ್ ಸಿನಿಮಾವನ್ನು ಹೊಗಳುತ್ತಿದ್ದವರು, ಮಗಳನ್ನು ಕಳೆದುಕೊಂಡ ನನ್ನನ್ನು ಕಂಡೊಡನೆ ಪಕ್ಷ ಬದಲಿಸಿದಿರಿ.

"ಏನೂ ಚಲೋ ಇಲ್ರಿ ಸರ, ಬರೇ ಗದ್ದಲ," ಎಂದರು ಬಟ್ಟೆ ವ್ಯಾಪಾರಿ ದಾವಲಸಾಬರು.

ಪಕ್ಕದಲ್ಲಿದ್ದ ಅವರ ಪುಟ್ಟ ಮಗಳು ಬಿಡಲಿಲ್ಲ: "ಸುಳ್ಳ ಯಾಕ ಹೇಳ್ತಿ ಅಬ್ಬಾ? ಆ ದಾರಿ ತಪ್ಪೋ ಅಪ್ಪ ಥೇಟ್ ನಿನ್ನಂಗ ಅದಾನ ಅಂತ ನಾ ಅಂದಾಗ ನೀನ ಬಿದ್ದ ಬಿದ್ದ ನಕ್ಕಿ!"

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನ್ನನ್ನು ಸೋಲಿಸಿದವರ ಮೇಲೂ ಹುಟ್ಟದಿದ್ದ ಮತ್ಸರ, ಮಗಳೆದುರು ಸೋತ ಈ ಮನುಷ್ಯನ ಮೇಲೆ ಉಂಟಾಯಿತು.

ಯಾರನ್ನೂ ಕೇಳದೆ ನಿರ್ಧರಿಸಿದ್ದೇನೆ: ನಾಳೆ ಒಬ್ಬನೇ ಹೋಗಿ ಆ ಸಿನಿಮಾ ನೋಡುತ್ತೇನೆ, ನನ್ನ ಈ ಪುಟದಲ್ಲಿಯೇ ಅಭಿಪ್ರಾಯ ಬರೆಯುತ್ತೇನೆ. ಆ ಅಭಿಪ್ರಾಯವನ್ನು ಖಂಡಿಸುವ ಹಕ್ಕು ದಾವಲಸಾಬರ ಮಗಳಿಗೆ ಮಾತ್ರ.