ಮೇಷ್ಟ್ರು ನನ್ನನ್ನು ಜಾಣೆ ಅಂದ ದಿನ

ನಿನ್ನೆ ಬೆಳಿಗ್ಗೆ ಮೊಮ್ಮಗಳ ಕೈಬಳೆ ಬಾಗಿಲ ಚಿಲಕಕ್ಕೆ ತಗುಲಿ ಚೂರಾಯಿತು. ಹಸಿರು ಗಾಜಿನ ಬಳೆ.

‘ಅಜ್ಜೀ, ಬಳೆ ಒಡೀತು’ ಎಂದಳು.

‘ಒಡೀತು ಅನ್ನಬಾರ್ದು ಕಣವ್ವ, ಹೆಚ್ಚಿತು ಅನ್ನಬೇಕು’ ಎಂದೆ.

ಅವಳು ಏಳನೆಯ ತರಗತಿ. ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕಳು. ‘ಒಡೆದಿದ್ದನ್ನ ಹೆಚ್ಚಿತು ಅಂತೀಯಲ್ಲ, ಇದು ವ್ಯಂಗ್ಯ ಅಲ್ವೇನಜ್ಜಿ? ನಮ್ಮ ಪಾಠದಾಗೆ ಐತೆ. ಹೇಳೋದೊಂದು, ಅರ್ಥ ಇನ್ನೊಂದು.’

ಪೊರಕೆ ಹಿಡಿದವಳು ಹಾಗೇ ನಿಂತೆ. ಇದೇ ಮಾತನ್ನು ಇಷ್ಟೇ ವಯಸ್ಸಿನಲ್ಲಿ ನಾನೂ ಒಬ್ಬರ ಮುಂದೆ ಇಟ್ಟಿದ್ದೆ... ಆಮೇಲೆ ದಿನವೆಲ್ಲ ಕೂತಲ್ಲಿ ಕೂರಲಾಗಲಿಲ್ಲ. ಹಾಲು ಉಕ್ಕಿ ಒಲೆಯೆಲ್ಲ ಆಯಿತು. ಒಗೆದಿಟ್ಟ ಸೀರೆಯನ್ನೇ ಮತ್ತೆ ನೆನೆಹಾಕಿದೆ. ನಾಲ್ಕು ಜನ ಕೂತಲ್ಲಿ ನನಗೆ ಮಾತು ಬರುವುದಿಲ್ಲ, ಮೊಮ್ಮಕ್ಕಳೇ, ನಿಮಗೆ ಗೊತ್ತೇ ಇದೆ. ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ತವರು ಸೂಳೆಕೆರೆಯ ಏರಿಯ ಕೆಳಗಿನ ಒಂದು ಹಳ್ಳಿ. ದೇಶಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಶಾಲೆ ಎಂದರೆ ಒಂದು ಉದ್ದನೆಯ ಕೋಣೆ, ಒಬ್ಬರೇ ಮೇಷ್ಟ್ರು. ಮೈಸೂರಿನ ಕಡೆಯವರು. ನಾವು ‘ಐತೆ’ ಅಂದರೆ ಅವರು ‘ಇದೆ’ ಅನ್ನುತ್ತಿದ್ದರು. ತೆಳ್ಳಗಿನ ಆಳು, ಬಿಳಿ ಪಂಚೆ, ಅದರ ಅಂಚಿನಲ್ಲಿ ಯಾವಾಗಲೂ ಒಂದು ಶಾಯಿಯ ಕಲೆ. ನಮ್ಮನ್ನೆಲ್ಲ ನಗಿಸುತ್ತಿದ್ದರು, ತಾವು ಮಾತ್ರ ನಗುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಶಾಲೆಗೆ ಬಂದವನನ್ನು ಅವರು ಬೈಯುತ್ತಿರಲಿಲ್ಲ. ‘ಬನ್ನಿ ರಾಯರೇ, ಯಾಕಿಷ್ಟು ಬೇಗ ಬಂದಿರಿ? ಇನ್ನೂ ಗಂಟೆ ಹೊಡೆದು ಮನೆಗೆ ಕಳಿಸೋ ಹೊತ್ತೇ ಆಗಿಲ್ಲವಲ್ಲ’ ಎನ್ನುತ್ತಿದ್ದರು. ಒಬ್ಬ ಹುಡುಗ ಒಮ್ಮೆ, ‘ಎಮ್ಮಿ ಬ್ಯಾಗ ಹಾಲು ಕೊಡ್ತು ಮೇಷ್ಟ್ರೇ’ ಎಂದು ಹೆಮ್ಮೆಯಿಂದ ಹೇಳಿಬಿಟ್ಟ. ಕೋಣೆಯೆಲ್ಲ ನಗು. ಅವನೊಬ್ಬನಿಗೇ ಯಾಕೆಂದು ತಿಳಿಯಲಿಲ್ಲ.

ಅವತ್ತೇ ಅವರು ವ್ಯಂಗ್ಯದ ಪಾಠ ಮಾಡಿದ್ದು. ‘ಮಾತನ್ನಷ್ಟೇ ಕೇಳಬೇಡಿ. ಮಾತು ಏನು ಹೇಳುತ್ತೆ, ಕಣ್ಣ ಮುಂದೆ ಏನಿದೆ, ಎರಡನ್ನೂ ನೋಡಿ. ಅವೆರಡೂ ಜಗಳ ಆಡುತ್ತಿದ್ದರೆ ಹೇಳಿದವನ ಮುಖ ನೋಡಿ. ಅಲ್ಲಿ ಗೊತ್ತಾಗುತ್ತೆ.’ ಅವರ ಮುಖದಲ್ಲಿ ಗೊತ್ತಾಗುತ್ತಿದ್ದದ್ದು ಎಡಗಡೆಯ ಹುಬ್ಬಿನಿಂದ. ವ್ಯಂಗ್ಯ ಆಡುವಾಗ ಅದು ಒಂದಿಷ್ಟು ಮೇಲೇರುತ್ತಿತ್ತು. ಮಕ್ಕಳಿಗೆಲ್ಲ ಅದು ಗೊತ್ತಿತ್ತು, ಎಮ್ಮೆಯ ಹುಡುಗನೊಬ್ಬನನ್ನು ಬಿಟ್ಟು. ಪಾಠದ ಕೊನೆಗೆ ಇನ್ನೊಂದು ಮಾತು ಹೇಳಿದರು: ‘ಕೇಳುವವನಿಗೆ ತಿಳಿಯದೆ ಹೋದರೆ ಅದು ವ್ಯಂಗ್ಯ ಅಲ್ಲ. ಬರೀ ಸುಳ್ಳು.’

ಒಂದೊಂದು ಉದಾಹರಣೆ ತನ್ನಿ ಅಂದರು. ನಾನು ಬಾಯಿಬಿಡುವ ಹುಡುಗಿಯಲ್ಲ. ಸ್ಲೇಟಿನ ಮೇಲೆ ಬರೆದು ತೋರಿಸಿದೆ: ‘ಬಳೆ ಹೆಚ್ಚಿತು. ದೀಪ ದೊಡ್ಡದಾಯಿತು.’ ನಮ್ಮ ಕಡೆ ಬಳೆ ಒಡೆದರೆ, ದೀಪ ಆರಿದರೆ ಹಾಗೇ ಅನ್ನುವುದು. ಅವರು ಎರಡು ಸಲ ಓದಿದರು.

‘ನಿಮ್ಮವ್ವ ಬಳೆ ಹೆಚ್ಚಿತು ಅನ್ನುವಾಗ ಯಾರನ್ನಾದರೂ ಚುಚ್ಚುತ್ತಾರಾ?’

ಇಲ್ಲವೆಂದು ತಲೆಯಾಡಿಸಿದೆ.

‘ಮತ್ತೆ ಯಾಕೆ ಹಾಗಂತಾರೆ?’

‘ಹೆದರಿಕಿಗೆ’ ಎಂದೆ. ಆ ಶಾಲೆಯಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು.

‘ಸರಿಯಾಗಿ ಹೇಳಿದೆ. ಕೆಟ್ಟದ್ದನ್ನು ಬಾಯಲ್ಲಿ ಆಡಬಾರದು ಅಂತ ಒಳ್ಳೆಯ ಮಾತು ಹೊದಿಸುವುದು ಅದು. ಮುಚ್ಚುವ ಮಾತು. ವ್ಯಂಗ್ಯ ಮುಚ್ಚಿದ್ದನ್ನು ತೆರೆದು ತೋರಿಸುತ್ತೆ.’ ಹುಬ್ಬು ಏರಿರಲಿಲ್ಲ. ಸ್ಲೇಟನ್ನು ಎರಡು ಕೈಯಲ್ಲಿ ಹಿಡಿದು ವಾಪಸು ಕೊಟ್ಟರು, ದೊಡ್ಡವರಿಗೆ ಕೊಡುವ ಹಾಗೆ.

ನಮ್ಮೂರ ಶಾಲೆಯಲ್ಲಿ ನಾನು ಓದುತ್ತಿದ್ದದ್ದೇ ಕೊನೆಯ ತರಗತಿ. ಮುಂದೆ ಓದಬೇಕೆಂದರೆ ಚನ್ನಗಿರಿ. ಅಲ್ಲಿ ಸೋದರತ್ತೆಯ ಮನೆಯಿತ್ತು. ಕಳಿಸಿಕೊಡಿ ಎಂದು ಮೇಷ್ಟ್ರು ಅಪ್ಪನಿಗೆ ಎರಡು ಸಲ ಹೇಳಿಕಳಿಸಿದರು. ಅಪ್ಪನಿಗೆ ಅರೆಮನಸ್ಸು, ಅಜ್ಜಿಗೆ ಪೂರ್ತಿ ಬೇಡ. ಒಂದು ತಿಂಗಳು ಮನೆಯಲ್ಲಿ ಅದೇ ಮಾತು. ನನಗೆ ಅನ್ನ ಸೇರುತ್ತಿರಲಿಲ್ಲ. ಕೊನೆಗೆ ಒಂದು ಭಾನುವಾರ ಮೇಷ್ಟ್ರೇ ಬಂದರು. ಜಗುಲಿಯ ಮೇಲೆ ಅಪ್ಪ, ದೊಡ್ಡಪ್ಪ, ಅಜ್ಜಿ. ನಾನು ಬಾಗಿಲ ಸಂದಿಯಲ್ಲಿ.

‘ಹೆಣ್ಣು ಓದಿ ಯಾವ ಅಮಲ್ದಾರಿಕೆ ಮಾಡ್ಬೇಕೈತ್ರೀ?’ ಎಂದಳು ಅಜ್ಜಿ. ‘ನೀರು ತರಾಕೆ, ರೊಟ್ಟಿ ಬಡ್ಯಾಕೆ ಇಷ್ಟು ಓದು ಸಾಲ್ದೇನು?’

ಮೇಷ್ಟ್ರು ಅರ್ಧ ಗಂಟೆ ನೆಟ್ಟಗೆ ಹೇಳಿದರು, ಬಿಡಿಸಿ ಹೇಳಿದರು. ಅಜ್ಜಿ ಅದನ್ನೇ ಮೂರನೆಯ ಸಲ ಕೇಳಿದಳು. ಸಿಟ್ಟು ಬಂದರೆ ಅವರ ದನಿ ಇನ್ನೂ ಮೆತ್ತಗಾಗುತ್ತಿತ್ತು. ‘ನೀವು ಹೇಳೋದೇ ಸರಿ ಅಜ್ಜಿ. ಓದಿದ್ದು ಸಾಕು. ಇನ್ನೂ ಓದಿದರೆ ತಲೆ ಭಾರ ಆಗಿ, ಅದರ ಮೇಲೆ ಬಿಂದಿಗೆ ಕೂರೋದಿಲ್ಲ.’

ಹುಬ್ಬು ಏರಿತ್ತು. ನಾನು ಸಂದಿಯಿಂದ ನೋಡಿದೆ. ನಗು ತಡೆಯಲು ಸೆರಗು ಕಚ್ಚಿಕೊಂಡೆ. ಜಗುಲಿಯ ಮೇಲೆ ಯಾರೂ ನಗಲಿಲ್ಲ. ಅಪ್ಪ ತಿಂಗಳಿಂದ ಹಿಡಿದಿಟ್ಟ ಉಸಿರು ಬಿಟ್ಟವನಂತೆ ಕೈಮುಗಿದ. ‘ಮೇಷ್ಟ್ರ ಬಾಯಾಗೆ ಬಂದ ಮ್ಯಾಲೆ ಇನ್ನೇನೈತ್ರೀ. ಸಾಕು ಅಂದ್ರೆ ಸಾಕು.’

‘ಗೌಡ್ರೇ, ನಾನು ಅಂದದ್ದು ಹಾಗಲ್ಲ...’

‘ದಾಕ್ಷಿಣ್ಯ ಬ್ಯಾಡ್ರೀ ಮೇಷ್ಟ್ರೇ’ ಎಂದರು ದೊಡ್ಡಪ್ಪ. ‘ಓದಿದೋರು, ನಿಜ ಹೇಳಿದ್ರಿ.’

‘ನಾನು ತಮಾಷೆಗೆ...’

‘ಮೇಷ್ಟ್ರು ಎಲ್ಲಾದ್ರೂ ತಮಾಷೆ ಮಾಡ್ತಾರೇನ್ರೀ!’ ಎಂದರು ದೊಡ್ಡಪ್ಪ. ಈಗ ಎಲ್ಲರೂ ನಕ್ಕರು.

ಮೇಷ್ಟ್ರು ಬಾಗಿಲ ಕಡೆ ತಿರುಗಿದರು. ‘ನಿಮ್ಮ ಮಗಳನ್ನೇ ಕೇಳಿ. ನಾನು ಏನು ಹೇಳಿದೆ ಅಂತ ಅವಳಿಗೆ ಗೊತ್ತು.’

ಅಪ್ಪ ಕರೆದ. ‘ಬಾರವ್ವ ಇಲ್ಲಿ. ಮೇಷ್ಟ್ರು ಏನಂದ್ರು, ಹೇಳು.’

ಹೊರಗೆ ಬಂದು ನಿಂತೆ. ಉತ್ತರ ಪೂರ್ತಿಯಾಗಿ ಗಂಟಲಲ್ಲಿತ್ತು. ಅವರು ಹೇಳಿದ್ದರ ಅರ್ಥ ತಿರುಗುಮುರುಗು, ನನ್ನನ್ನು ಚನ್ನಗಿರಿಗೆ ಕಳಿಸಿ ಅಂತ. ಆದರೆ ಅದನ್ನು ಹೇಳಬೇಕೆಂದರೆ, ಅಜ್ಜೀ, ಮೇಷ್ಟ್ರು ನಿನ್ನನ್ನು ಆಡಿಕೊಂಡರು, ಅಪ್ಪಾ, ಅದು ನಿನಗೆ ತಿಳಿಯಲಿಲ್ಲ ಎಂದು ದೊಡ್ಡಪ್ಪನ ಎದುರಿಗೆ ಹೇಳಬೇಕಿತ್ತು. ಹನ್ನೊಂದು ವರ್ಷದವಳು. ತಲೆ ತಗ್ಗಿಸಿದೆ. ಮೇಷ್ಟ್ರ ಪಂಚೆಯ ಅಂಚಿನ ಶಾಯಿ ಕಲೆ ಕಂಡಿತು, ಅದನ್ನೇ ನೋಡುತ್ತಾ ನಿಂತೆ.

‘ಸಾಕು ಅಂದ್ರು’ ಎಂದೆ.

ಅದು ಸುಳ್ಳಲ್ಲ. ಅವರು ಆಡಿದ ಮಾತೇ ಅದು...

‘ಜಾಣೆ’ ಎಂದರು ಮೇಷ್ಟ್ರು. ಅಷ್ಟೇ. ಅವ್ವ ಕೊಟ್ಟ ಮಜ್ಜಿಗೆಯನ್ನು ಕುಡಿಯದೆ ಕೆಳಗಿಟ್ಟರು. ‘ಬರ್ತೀನಿ ಗೌಡ್ರೇ’ ಎಂದು ಎದ್ದು ಹೋದರು.

ಬರಲಿಲ್ಲ. ಮಳೆಗಾಲಕ್ಕೆ ಮುಂಚೆಯೇ ಅವರಿಗೆ ಜಗಳೂರಿಗೆ ವರ್ಗವಾಯಿತು. ಎರಡು ವರ್ಷಕ್ಕೆ ನನ್ನ ಮದುವೆಯಾಗಿ ನ್ಯಾಮತಿಗೆ ಬಂದೆ. ಅಂಗಡಿಯವರು ಬೆಲ್ಲ ಕಟ್ಟಿಕೊಟ್ಟ ಕಾಗದವನ್ನೂ ಬಿಡದೆ ಓದಿದೆ. ನಿಮ್ಮ ಅಪ್ಪಂದಿರು ಹುಟ್ಟಿದ ಮೇಲೆ ಒಂದು ದಿನ, ಜಗಳೂರಿನ ಕಡೆಯಿಂದ ಬಂದ ನೆಂಟರೊಬ್ಬರು ಊಟಕ್ಕೆ ಕೂತಾಗ, ಆ ಮೇಷ್ಟ್ರು ತೀರಿಕೊಂಡು ಬಹಳ ದಿನವಾಯಿತು ಎಂದರು. ಅವರ ತಟ್ಟೆಗೆ ರೊಟ್ಟಿ ಹಾಕುವುದನ್ನೇ ಮರೆತು ನಿಂತಿದ್ದೆ.

ಆ ಒಂದು ಮಾತು ನನ್ನನ್ನು ಬಿಟ್ಟಿಲ್ಲ. ಬೀಸುವಾಗ, ಕುಟ್ಟುವಾಗ, ನಿಮ್ಮನ್ನು ತೊಟ್ಟಿಲಲ್ಲಿ ತೂಗುವಾಗಲೂ ತಿರುವಿ ತಿರುವಿ ನೋಡಿದ್ದೇನೆ. ನಿನ್ನ ಓದನ್ನು ನೀನೇ ಕಳೆದುಕೊಂಡೆಯಲ್ಲ, ಭಾರಿ ಜಾಣೆ, ಅಂದರೇ? ಅಥವಾ ಮನೆಯವರ ಮರ್ಯಾದೆ ಉಳಿಸಿದೆ, ನನ್ನದನ್ನೂ ಉಳಿಸಿದೆ, ನಿಜಕ್ಕೂ ಜಾಣೆ, ಅಂದರೇ? ಕೆಲವು ದಿನ ಅವರ ಮೇಲೇ ಸಿಟ್ಟು ಬರುತ್ತದೆ. ಕೇಳುವವರಿಗೆ ತಿಳಿಯದಿದ್ದರೆ ಸುಳ್ಳಾಗುತ್ತೆ ಎಂದವರು ಅವರೇ ಅಲ್ಲವೇ? ನಮ್ಮ ಜಗುಲಿಯ ಮೇಲೆ ಅದನ್ನು ಹೇಗೆ ಮರೆತರು? ಮರುದಿನ ಆ ಸಿಟ್ಟು ನನ್ನ ಮೇಲೆ ತಿರುಗುತ್ತದೆ.

ನಿನ್ನೆ ಸಂಜೆ ಮೊಮ್ಮಗಳಿಗೆ ಇದನ್ನು ಒಂದಿಷ್ಟು ಹೇಳಿದೆ. ಉಳಿದ ಬಳೆಗಳನ್ನು ಮೇಲೆ ಕೆಳಗೆ ಸರಿಸುತ್ತಾ ಕೇಳಿದಳು. ‘ಇದೇನು ಕಷ್ಟ ಅಜ್ಜಿ? ಜಾಣೆ ಅಂದಾಗ ಅವರ ಹುಬ್ಬು ಹೆಂಗಿತ್ತು?’

ಗೊತ್ತಿಲ್ಲ ಕಣವ್ವ ಎಂದೆ. ಪಂಚೆಯ ಅಂಚಿನ ಆ ಕಲೆಯನ್ನು ಕೇಳು, ಇವತ್ತಿಗೂ ಬರೆದು ತೋರಿಸುತ್ತೇನೆ. ಬೆರಳುಗುರಿನಷ್ಟಗಲ, ಒಂದು ಕಡೆ ಬಾಲ ಎಳೆದಂತೆ. ಮುಖ ನೋಡಿ ಎಂದು ಅವರು ಅಷ್ಟು ಸಲ ಹೇಳಿಕೊಟ್ಟಿದ್ದರು... ನಾನು ತಲೆ ಎತ್ತಿರಲಿಲ್ಲ.