ಬೆಕ್ಕಿನ ಮೇಲೆ ಕೂತ ಗೂಬೆ

ಇಳಕಲ್ಲಿನಲ್ಲಿ ಹಿಮ ಬೀಳುವುದಿಲ್ಲ. ಆದರೆ ಹೆಸರಿನಲ್ಲೇ ಕಲ್ಲಿಟ್ಟುಕೊಂಡ ಊರಿಗೆ ಕಲ್ಲಿನ ಪುಡಿಯ ಬರ ಎಲ್ಲಿಯದು? ಗ್ರಾನೈಟ್ ಪಾಲಿಶ್ ಕಾರ್ಖಾನೆಯ ಹಿಂದೆ ಬಿದ್ದಿದ್ದ ಬಿಳಿ ಪುಡಿಯನ್ನು ನೇಕಾರ ಹೆಂಗಸು ಕಾಳವ್ವ ಎರಡು ಬುಟ್ಟಿ ಹೊತ್ತು ತಂದು, ಬುಧವಾರ ಸಂಜೆ ಜರಡಿ ಹಿಡಿದು ಹಿತ್ತಲಿಗೆಲ್ಲ ಉದುರಿಸಿದಳು. ಕರಿಬೇವಿನ ಬುಡವೂ ಬಿಳಿಬೇವಾಯಿತು.

ಕಾರಣ, ಅವಳ ಬೆಕ್ಕು ಚಿಕ್ಕಿ. ಎರಡು ಮನೆಗೂ ಹಿತ್ತಲು ಒಂದೇ. ಪಕ್ಕದ ಅಮೀನಬಿಯ ಕೋಳಿಗೂಡಿನಿಂದ ಎಂಟು ದಿನದಿಂದ ಮೊಟ್ಟೆ ಮಾಯವಾಗುತ್ತಿದ್ದವು. ಅಮೀನಬಿ ನೇರವಾಗಿ ಬೆಕ್ಕಿನ ಮೇಲೆ ಗೂಬೆ ಕೂರಿಸಿದ್ದಳು.

“ಗುರುವಾರ ನಮ್ಮವರು ಟೆಂಪೋ ತಗೊಂಡು ಬಾದಾಮಿಗೆ ಹೊಂಟಾರ. ಚೀಲದಾಗ ಹಾಕಿ ಕೊಡು ಕಾಳಕ್ಕ, ಚೊಳಚಗುಡ್ಡದಾಗ ಬಿಟ್ಟು ಬರ್ತಾರ. ಗುಡಿ ಮುಂದ ಮೊಸರು ಮಾರೋರು ಅದಾರ, ಸುಖವಾಗಿರ್ತೈತಿ.”

“ನಮ್ಮ ಚಿಕ್ಕಿ ಮೊಟ್ಟಿ ಮೂಸಂಗಿಲ್ಲ.”

“ಖರೆ. ಮೂಸಂಗಿಲ್ಲ, ನುಂಗತೈತಿ.”

ಗುರುವಾರ ಬೆಳಕು ಹರಿಯುತ್ತಲೇ ಕಾಳವ್ವ, ಪುಡಿಯ ಮೇಲೆ ಕಳ್ಳನ ಹೆಜ್ಜೆ ಮೂಡಿದೆಯೇ ನೋಡಲು, ಹಿತ್ತಲ ಬಾಗಿಲಲ್ಲಿ ಕುಕ್ಕುರುಗಾಲಲ್ಲಿ ಕೂತಳು. ಬಂದ ಕೆಲಸ ಅರೆಗಳಿಗೆ ಮರೆತೇ ಹೋಯಿತು. ಗುಬ್ಬಿ ಎರಡೂ ಕಾಲು ಕೂಡಿಸಿ ಜಿಗಿದ ಕಡೆ ಜೋಡಿ ಚುಕ್ಕಿ. ಓತಿಕ್ಯಾತ ಬಾಲ ಎಳೆದಲ್ಲಿ ಒಂದೆಳೆ ದಾರ. ಯಾವುದೋ ಹುಳ ಕಸೂತಿ ಹಾಕುತ್ತ ಬಂದು, ಬೇಸರವಾಗಿ ಅರ್ಧಕ್ಕೇ ಹಾರಿಹೋಗಿತ್ತು. ಇಷ್ಟು ಮಂದಿ ದಿನಾ ಬಂದು ಹೋಗುತ್ತಿದ್ದರೂ ತನಗೆ ಒಬ್ಬರ ಪರಿಚಯವೂ ಇರಲಿಲ್ಲವಲ್ಲ ಎನಿಸಿತು.

ಆಮೇಲೆ ಅದು ಕಂಡಿತು. ತನ್ನ ಬಾಗಿಲ ಪಕ್ಕದ ಮೋರಿಯಿಂದ ಹೊರಟ ಹೆಜ್ಜೆಸಾಲು ನೆಟ್ಟಗೆ ಕೋಳಿಗೂಡಿಗೆ ಹೋಗಿತ್ತು. ಚಿಕ್ಕಿ ಓಡಾಡುವುದೂ ಅದೇ ಮೋರಿಯಲ್ಲಿ. ಕಾಳವ್ವ ಬೆಕ್ಕನ್ನು ಚೀಲಕ್ಕೆ ಇಳಿಸಿದಳು.

ಹೊರಗೆ ಅಮೀನಬಿಯ ಗಂಡ ಅಹ್ಮದಸಾಬ ಟೆಂಪೋದ ಹಾರ್ನ್ ಹೊಡೆದ. ಚೀಲ ಹೊತ್ತು ಹಿತ್ತಲು ದಾಟುವಾಗ ಕಾಳವ್ವ ಕೆಳಗೆ ನೋಡಿ ನಿಂತುಬಿಟ್ಟಳು. ಹೆಜ್ಜೆಗಳ ಬೆರಳು ಗೂಡಿನ ಕಡೆಗಿರಲಿಲ್ಲ, ಅವಳ ಮನೆಯ ಕಡೆಗಿದ್ದವು. ನೇಯ್ದ ಬಟ್ಟೆ ಮಡಿಲ ಕಡೆಗೇ ಸುತ್ತಿಕೊಳ್ಳುವುದರಿಂದ ಮಗ್ಗದಲ್ಲಿ ಕೂತವರಿಗೆ ಹತ್ತಿರದ ನೇಯ್ಗೆ ಹಳೆಯದು, ದೂರದ್ದು ಹೊಸದು. ಮೂವತ್ತು ವರ್ಷ ಸೀರೆ ನೋಡಿದ ಕಣ್ಣು ಹಿತ್ತಲನ್ನೂ ಹಾಗೇ ಓದಿ, ಬಂದದ್ದನ್ನು ಹೋದದ್ದು ಎಂದುಕೊಂಡಿತ್ತು.

ಅವಳು ಚೀಲದಿಂದ ಚಿಕ್ಕಿಯ ಮುಂಗಾಲು ಎಳೆದು ಆ ಹೆಜ್ಜೆಯ ಮಗ್ಗುಲಿಗೇ ಒತ್ತಿದಳು.

“ಅಮೀನಬಿ, ಬಾ ಇಲ್ಲಿ. ಚಿಕ್ಕಿ ಬೆರಳು ಎಣಸು.”

“ನಾಕು ಬಳ್ಳು.”

“ಮಗ್ಗಲದ್ದು?”

“ಐದು. ಉಗುರು ಬ್ಯಾರೆ ಮೂಡ್ಯಾವ.” ಅಮೀನಬಿ ಬಗ್ಗಿ ನೋಡಿದಳು. “ಮುಂಗಸಿ ಅಲ್ಲೇನ ಇದು?”

ಇಬ್ಬರೂ ಸೆರಗು ಸಿಕ್ಕಿಸಿ ಬೆನ್ನು ಹತ್ತಿದರು. ಗೋಡೆಯ ಬಿರುಕಿನಿಂದ ಗೂಡಿಗೆ, ಗೂಡಿನಿಂದ ಮೋರಿಗೆ, ಮೋರಿಯಿಂದ ಕಾಳವ್ವನ ಮನೆಯೊಳಗೆ, ಬಳಸದ ಹಳೆ ಮಗ್ಗದ ಕುಣಿಗೆ. ಹಲಗೆ ಎತ್ತಿದರೆ ತುಂಬ ಮೊಟ್ಟೆಸಿಪ್ಪೆ, ಮೂಲೆಯಲ್ಲಿ ಎರಡು ಕೆಂಪು ಕಣ್ಣು.

“ಅಂದ್ರ ಕಳ್ಳ ನಿಮ್ಮ ಮನಿಯವನ ಆದ.”

“ಆದ್ರ ಬೆಕ್ಕಲ್ಲಲ್ಲ.”

“ಮುಂಜಾನಿ ಮುಂಗಸಿ ಮಾರಿ ನೋಡಿದ್ರ ಛಲೋ ಅಂತಾರ, ಇದನ್ನ ಓಡಸಾಕೂ ಬರಂಗಿಲ್ಲ,” ಎಂದು ಗೊಣಗಿ, ಅಮೀನಬಿ ಬೀದಿಗೆ ಕೇಳುವಂತೆ ಕೂಗಿದಳು, “ಚೀಲ ಇಲ್ರಿ, ನೀವು ಹೋಗ್ರಿ. ಬರೂಮುಂದ ಗೂಡಿಗೆ ತಂತಿ ಜಾಳಿಗಿ ತರ್ರಿ.”

ಹಿತ್ತಲಿಗೆ ಮರಳಿದಾಗ ಚೀಲ ಖಾಲಿ ಬಿದ್ದಿತ್ತು. ಬಿಳಿ ಪುಡಿಯ ಮೇಲೆ ನಾಲ್ಕು ಬೆರಳಿನ ಹೊಸ ಹೆಜ್ಜೆಗಳು ನೆಟ್ಟಗೆ ಗೂಡಿಗೆ ಹೋಗಿದ್ದವು. ಚಿಕ್ಕಿ ಅವತ್ತಿನ ಮೊಟ್ಟೆಯ ಮುಂದೆ ಮೂಗು ಚಾಚಿ ಕೂತಿತ್ತು.

“ಏನ ಕಾಳಕ್ಕ, ಮೂಸಂಗಿಲ್ಲ ಅಂದಿದ್ದಿ?”

ಕಾಳವ್ವ ಬೆಕ್ಕನ್ನು ಎತ್ತಿಕೊಂಡಳು. “ಮೂಸೇತಿ. ನುಂಗಿಲ್ಲಲ್ಲ?”